ಹುಳದ ಮನೆಯ ಹೊರಗಿನ ಕಲ್ಲು

ನಮ್ಮೂರಿನಲ್ಲಿ ಹೆಂಗಸರ ತಿಂಗಳ ವಿಷಯ ಗುಟ್ಟಾಗಿ ಉಳಿಯುವುದಿಲ್ಲ. ಹಾಗಂತ ಯಾರೂ ಬಾಯಿ ಬಿಟ್ಟು ಹೇಳುವುದೂ ಇಲ್ಲ. ಹುಳದ ಮನೆ ಹೇಳಿಬಿಡುತ್ತದೆ.

ರಾಮನಗರದಿಂದ ಕೈಲಾಂಚದ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಊರು ನಮ್ಮದು. ಇಲ್ಲಿ ರೇಷ್ಮೆ ಹುಳ ಸಾಕದ ಮನೆ ಕಡಿಮೆ. ವಾಸದ ಮನೆಗೆ ಅಂಟಿಕೊಂಡಂತೆಯೋ, ಹಿತ್ತಲಲ್ಲಿ ಬೇರೆಯಾಗಿಯೋ ಹುಳಕ್ಕೆ ಒಂದು ಮನೆ ಇರುತ್ತದೆ. ಮುಟ್ಟಾದ ಹೆಂಗಸು ಅದರೊಳಗೆ ಕಾಲಿಡುವ ಹಾಗಿಲ್ಲ. ಕಾಲಿಟ್ಟರೆ ಹುಳಕ್ಕೆ ಸುಣ್ಣಕಟ್ಟು ರೋಗ ಬರುತ್ತದೆ, ಹುಳವೆಲ್ಲ ಬೆಳ್ಳಗೆ ಬಿಗಿದುಕೊಂಡು ಸಾಯುತ್ತವೆ ಅಂತ ನಂಬಿಕೆ. ಆದರೆ ಕೆಲಸ ಯಾರನ್ನು ಬಿಟ್ಟೀತು? ಆ ದಿನಗಳಲ್ಲಿ ಹೊರಗೆ ಕೂತು ಹಿಪ್ಪುನೇರಳೆ ಕಡ್ಡಿಯಿಂದ ಸೊಪ್ಪು ಬಿಡಿಸಬೇಕು, ಗೋಣಿಚೀಲ ಒದರಬೇಕು. ನಮ್ಮ ಹುಳದ ಮನೆಯ ಬಾಗಿಲ ಪಕ್ಕ ಅದಕ್ಕೆಂದೇ ಒಂದು ಚಪ್ಪಡಿ ಕಲ್ಲು ಹಾಸಿತ್ತು. ಬೀದಿಯಲ್ಲಿ ಹೋಗುವವರಿಗೆ ಆ ಕಲ್ಲು ಕಾಣುತ್ತದೆ. ಅದರ ಮೇಲೆ ನಾನು ಕೂತಿದ್ದರೆ ಹೊರಗಾಗಿದ್ದೇನೆ ಅಂತ ಅರ್ಥ. ಕೂತಿಲ್ಲದಿದ್ದರೆ ಆಗಿಲ್ಲ ಅಂತ. ಹಾಲು ಹಾಕಲು ಡೇರಿಗೆ ಹೋಗುವವರು ಕೂಡ ಕಲ್ಲಿನ ಕಡೆ ಒಂದು ಸಲ ಕಣ್ಣು ಹಾಯಿಸಿಯೇ ಹೋಗುತ್ತಿದ್ದರು.

ನನ್ನ ತವರು ಮಾಗಡಿ ಕಡೆ. ಅಪ್ಪನಿಗೆ ರಾಗಿ, ಮಾವು, ಒಂದೆರಡು ಹಸು. ಹುಳದ ಸಹವಾಸ ಇರಲಿಲ್ಲ. ಬಿ.ಕಾಂ. ಓದಿದ್ದೆ, ಬಾಯಿ ಜೋರು. ಮದುವೆಯಾಗಿ ಬಂದ ಹೊಸದರಲ್ಲಿ ಈ ಕಲ್ಲು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

"ಹುಳಕ್ಕೆ ನನ್ನ ತಿಂಗಳ ಲೆಕ್ಕ ಯಾಕೆ ಬೇಕು?" ಅಂತ ಗಂಡನನ್ನು ಕೇಳಿದ್ದೆ.

"ಹುಳ ಕೇಳಲ್ಲ ಕಣಮ್ಮಿ, ಅವ್ವ ಕೇಳ್ತದೆ" ಅಂದು ನಕ್ಕಿದ್ದರು.

ಬೇರೆ ಹೆಂಗಸರಿಗೆ ತಮ್ಮ ತಮ್ಮ ಮನೆಯ ಕಲ್ಲಿನ ಮೇಲೆ ಅಷ್ಟೇನೂ ಸಿಟ್ಟಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಬಗ್ಗಿ ಸೊಪ್ಪು ಹಾಕಿ ಸೊಂಟ ಬಿದ್ದುಹೋಗುವ ಕೆಲಸ ಅದು. ತಿಂಗಳಿಗೊಮ್ಮೆ ಕೂರಲು ಸಿಕ್ಕರೆ ಯಾರಿಗೆ ಬೇಡ. ಪಕ್ಕದ ಮನೆಯ ಅಕ್ಕನಂತೂ ಮೈ ತೊಳೆದುಕೊಂಡ ಮೇಲೂ ಒಂದು ದಿನ ಜಾಸ್ತಿಯೇ ಕೂತು, ಎಲೆ ಅಡಿಕೆ ಮೆಲ್ಲುತ್ತಾ ಊರ ಸುದ್ದಿ ಹೇಳುತ್ತಿದ್ದಳು. ನನ್ನ ಕಷ್ಟವೇ ಬೇರೆ. ನನ್ನ ಕಲ್ಲು ಖಾಲಿ ಇರುತ್ತಿತ್ತು.

ತಿಂಗಳು ಬರುತ್ತಿರಲಿಲ್ಲ. ಬಂದರೆ ಹೇಳದೆ ಕೇಳದೆ ಬಂದು ಹಿಂಡಿಹಾಕುತ್ತಿತ್ತು, ಆಮೇಲೆ ಮತ್ತೆ ಪತ್ತೆ ಇಲ್ಲ. ಅತ್ತೆ ಕ್ಯಾಲೆಂಡರ್ ನೋಡುವವರಲ್ಲ, ಹುಳ ನೋಡುವವರು. ಹುಳ ಬೆಳೆಯುವಾಗ ನಡುನಡುವೆ ತಿನ್ನುವುದು ಬಿಟ್ಟು ತಲೆಯೆತ್ತಿ ಸುಮ್ಮನೆ ನಿಂತುಬಿಡುತ್ತವೆ, ಪೊರೆ ಬಿಡುತ್ತವೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಕಳೆದು ಎದ್ದ ಹುಳ ಒಂದು ವಾರ ಬಕಾಸುರನ ಹಾಗೆ ತಿಂದು ಹಣ್ಣಾಗಿ ಗೂಡು ಕಟ್ಟುತ್ತದೆ. ಅತ್ತೆಯ ಲೆಕ್ಕ ಹೀಗೆ: ಹೋದ ಬೆಳೆಯ ಹುಳ ಎರಡನೇ ಜ್ವರಕ್ಕೆ ಕೂತಾಗ ಸೊಸೆ ಹೊರಗಿದ್ದಳು, ಆ ಬೆಳೆ ಮಾರುಕಟ್ಟೆಗೆ ಹೋಯಿತು, ಹೊಸ ಹುಳ ಬಂದು ಅದೂ ನಾಲ್ಕನೇ ಜ್ವರ ಕಳೆಯಿತು, ಸೊಸೆ ಇನ್ನೂ ಒಳಗೇ ಇದ್ದಾಳೆ.

ಮದುವೆಯಾದ ಮರುವರ್ಷ ಅವರು ಇದನ್ನು ಲೆಕ್ಕ ಹಾಕಿ ಮುಗಿಸಿದ ದಿನ ನನ್ನ ಕೈಯಿಂದ ಹುಳದ ಮನೆ ತೊಳೆಯುವ ಬ್ಲೀಚಿಂಗ್ ಪುಡಿಯ ಬಕೆಟ್ ಕಸಿದುಕೊಂಡರು.

"ಈ ವಾಸ್ನೆ ಕುಡೀಬಾರ್ದು ಕಣವ್ವ ಈಗ. ಹೋಗು, ಒಸಿ ಮಲಿಕ್ಕೋ" ಅಂದರು.

ನನಗೆ ಹೇಗೆ ಹೇಳುವುದೋ ತಿಳಿಯಲಿಲ್ಲ. ನನಗೂ ಆಸೆ ಇತ್ತಲ್ಲ! ಹೊಟ್ಟೆ ಭಾರ, ಕಣ್ಣು ಎಳೆಯುವ ನಿದ್ದೆ, ಮುಖ ಊದಿಕೊಂಡಿತ್ತು. ಬಸುರಿಯರು ಹೇಳುವುದೆಲ್ಲ ನನ್ನಲ್ಲೂ ಇತ್ತು. ಅತ್ತೆ ಪಕ್ಕದ ಮನೆಗೆ ಹೇಳಿದರು, ಪಕ್ಕದ ಮನೆಯವರು ಊರಿಗೆ ಹೇಳಿದರು. ಅಮ್ಮ ಮಾಗಡಿಯಿಂದ ರವೆ ಉಂಡೆ, ನಿಪ್ಪಟ್ಟು ಮಾಡಿಕೊಂಡು ಎರಡು ಬಸ್ಸು ಹತ್ತಿ ಬಂದಳು. ಅವಳು ಬಂದ ಮಾರನೇ ಬೆಳಗ್ಗೆಯೇ ನಾನು ಹೊರಗಾದೆ. ಹೋಗಿ ಕಲ್ಲಿನ ಮೇಲೆ ಕೂತೆ, ಸೊಪ್ಪು ಬಿಡಿಸಲು ಶುರು ಮಾಡಿದೆ. ಅಮ್ಮ ಬಾಗಿಲಿಗೆ ಬಂದು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಹೊತ್ತು ಏರುವಷ್ಟರಲ್ಲಿ ಊರಿಗೆಲ್ಲ ತಿಳಿದಿತ್ತು. ನಿಪ್ಪಟ್ಟು ಮಾತ್ರ ಆ ವಾರವೆಲ್ಲ ಕಾಫಿಗೆ ಆಯಿತು.

ಆಮೇಲೆ ಗಂಡ ನನ್ನನ್ನು ರಾಮನಗರದಲ್ಲಿ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಆಕೆ ನನ್ನ ಕಣ್ಣ ಕೆಳಗೆ ನೋಡಿದರು, ಕುತ್ತಿಗೆ ಒತ್ತಿ ನೋಡಿದರು, ಕೂದಲು ಉದುರುತ್ತದಾ, ಬೇಸಿಗೆಯಲ್ಲೂ ಚಳಿಯಾಗುತ್ತದಾ, ಸುಮ್ಮನೆ ಅಳು ಬರುತ್ತದಾ ಅಂತ ಕೇಳಿದರು. ಒಂದೊಂದಕ್ಕೂ ಹೂಂ ಅನ್ನುತ್ತಾ ಹೋದೆ. ಏಪ್ರಿಲ್ ಬಿಸಿಲಲ್ಲಿ ನಾನು ಸ್ವೆಟರ್ ಹಾಕಿಕೊಂಡು ಓಡಾಡುವುದನ್ನು ಮನೆಯವರೆಲ್ಲ ಸೋಮಾರಿತನದ ಇನ್ನೊಂದು ನಮೂನೆ ಅಂದುಕೊಂಡಿದ್ದರು. ರಕ್ತ ಪರೀಕ್ಷೆಯ ಕಾಗದ ನೋಡಿ ಡಾಕ್ಟರಮ್ಮ, "ಥೈರಾಯ್ಡ್ ಕಮ್ಮಿ ಕೆಲಸ ಮಾಡ್ತಾ ಇದೆ. ಅದಕ್ಕೇ ತಿಂಗಳು ತಪ್ಪುತ್ತೆ, ಮಗು ನಿಲ್ಲೋದೂ ಕಷ್ಟ ಆಗುತ್ತೆ. ದಿನಾ ಬೆಳಿಗ್ಗೆ ಒಂದು ಮಾತ್ರೆ, ಬರೀ ಹೊಟ್ಟೆಯಲ್ಲಿ. ನನ್ನ ಕೇಳದೆ ನಿಲ್ಲಿಸಬೇಡಿ" ಅಂದರು.

ಖುಷಿಯಾಗಿತ್ತು ನನಗೆ. ಸೋಮಾರಿಯಲ್ಲ, ಬಂಜೆಯಲ್ಲ, ಯಾರ ದೃಷ್ಟಿಯೂ ತಾಗಿಲ್ಲ, ಕತ್ತಿನಲ್ಲಿ ಒಂದು ಗ್ರಂಥಿ ಮೈಗಳ್ಳತನ ಮಾಡುತ್ತಿದೆ, ಅಷ್ಟೆ. ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿಯುವಾಗ ಗಂಡ ಹೇಳಿದರು:

"ಅವ್ವಂಗೆ ಥೈರಾಯ್ಡು ಗಿಯ್ರಾಯ್ಡು ಅಂತ ಯೋಳಕ್ಕೋಗ್ಬ್ಯಾಡ. ಕಾಯ್ಲೆ ಹೆಣ್ಣ ತಂದ್ಕಂಡೋ ಅಂತ ಕೊರಗ್ತದೆ. ತಿಂಗ್ಳು ಸರ್ಯಾಗಿ ಬರಾಕೆ ಮಾತ್ರೆ ಕೊಟ್ಟವ್ರೆ ಅಂತೀನಿ. ಅದೇನ್ ಸುಳ್ಳಲ್ವಲ್ಲ."

ಸುಳ್ಳಲ್ಲ ನಿಜ. ನಾನೂ ತಲೆಯಾಡಿಸಿದೆ. ಹಾಗೆ ನಮ್ಮ ಮನೆಯಲ್ಲಿ ಅದಕ್ಕೆ ತಿಂಗಳ ಮಾತ್ರೆ ಅಂತ ಹೆಸರಾಯಿತು.

ಆ ಮಾತ್ರೆ ನುಂಗಿ ಒಂದು ಗಂಟೆ ಕಾಫಿ ಕುಡಿಯುವ ಹಾಗಿಲ್ಲ. ಬೆಳಗ್ಗೆ ಎದ್ದವರೇ ಒಂದು ಲೋಟ ಕಾಫಿ ಹುಯ್ದುಕೊಂಡು ಹುಳಕ್ಕೆ ಸೊಪ್ಪು ಹಾಕಲು ನುಗ್ಗುವ ಮನೆ ನಮ್ಮದು. ಅತ್ತೆ ಲೋಟ ಹಿಡಿದು ನಿಂತಿರುತ್ತಿದ್ದರು. "ತಿಂಗ್ಳ ಮಾತ್ರೆಗೂ ಕಾಪಿಗೂ ಅದೇನವ್ವ ಜಗ್ಳ?" ಅನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು. ಆದರೆ ಮಾತ್ರೆ ಕೆಲಸ ಮಾಡಿತು. ಮೊದಲು ಮುಖದ ಊತ ಇಳಿಯಿತು, ಆಮೇಲೆ ತಿಂಗಳು ಬರತೊಡಗಿತು, ಸಮಯಕ್ಕೆ ಸರಿಯಾಗಿ ಬರುವ ಕೆಂಪು ಬಸ್ಸಿನ ಹಾಗೆ. ನಾನು ಅಷ್ಟೇ ಸರಿಯಾಗಿ ಕಲ್ಲಿನ ಮೇಲೆ ಕೂರುತ್ತಿದ್ದೆ. ಅತ್ತೆಗೆ ಮಾತ್ರೆಯ ಮೇಲೆ ಬಹಳ ನಂಬಿಕೆ ಬಂತು. ನಾನು ಮರೆತರೆ ಅವರೇ ಕಿಟಕಿಯ ಮೇಲಿಂದ ಶೀಟು ತಂದು ಕೈಗೆ ಕೊಡುತ್ತಿದ್ದರು. ಸೊಸೆಗೆ ತಿಂಗಳು ತರಿಸುವ ಮಾತ್ರೆ ಅಂತ ಪಕ್ಕದ ಮನೆಯ ಅಕ್ಕನಿಗೂ ಹೊಗಳಿ ಹೇಳಿದ್ದರು. ಆ ಹೊಗಳಿಕೆಯೇ ಮುಂದೆ ನನ್ನ ಕುತ್ತಿಗೆಗೆ ಬರುತ್ತದೆ ಅಂತ ನನಗೇನು ಗೊತ್ತಿತ್ತು.

ಹೀಗೆ ಒಂದು ವರ್ಷದ ಮೇಲೆ ಕಳೆದಿರಬೇಕು. ಮತ್ತೆ ತಿಂಗಳು ನಿಂತಿತು.

ಇಲ್ಲಿ ಒಂದು ಮಾತು ಹೇಳಬೇಕು. ಬೇರೆ ಹೆಂಗಸರಿಗೆ ತಿಂಗಳು ನಿಂತರೆ ಅದೊಂದು ಸುದ್ದಿ. ನನಗೆ ಅದು ಎರಡು ಸುದ್ದಿ, ಯಾವುದು ಅಂತ ಹೇಳುವವರಿಲ್ಲ. ಕೂಸು ಬಂದರೂ ನಿಲ್ಲುತ್ತದೆ, ಕಾಯಿಲೆ ಏರಿದರೂ ನಿಲ್ಲುತ್ತದೆ. ಸುಸ್ತು ಎರಡಕ್ಕೂ ಇದೆ, ನಿದ್ದೆ ಎರಡಕ್ಕೂ ಇದೆ, ಸುಮ್ಮಸುಮ್ಮನೆ ಬರುವ ಅಳು ಕೂಡ ಎರಡಕ್ಕೂ ಇದೆ. ನನ್ನ ಮೈಯನ್ನು ನಾನೇ ನಂಬದ ಹಾಗೆ ಆಗಿಬಿಟ್ಟಿತ್ತು. ಆ ಸಲ ಯಾರಿಗೂ ಹೇಳದೆ, ಅತ್ತೆ ಕೇಳಿದರೆ ತಲೆನೋವು ಅಂತ ಹೇಳಿ, ರಾಮನಗರಕ್ಕೆ ಹೋಗಿ ಮೆಡಿಕಲ್ ಶಾಪಿನಲ್ಲಿ ಪರೀಕ್ಷೆಯ ಕಡ್ಡಿ ತಂದೆ. ಕೈಲಾಂಚದಲ್ಲೇ ಸಿಗುತ್ತಿತ್ತು. ಆದರೆ ಅಲ್ಲಿ ಕೊಂಡರೆ ನಾನು ಮನೆ ಮುಟ್ಟುವ ಮೊದಲು ಸುದ್ದಿ ಮನೆ ಮುಟ್ಟುತ್ತಿತ್ತು.

ಬೆಳಗ್ಗೆ ನೋಡಿದರೆ ಒಂದು ಗೀರು ಗಾಢವಾಗಿ ಮೂಡಿತು. ಪಕ್ಕದಲ್ಲಿ ಇನ್ನೊಂದು, ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಬಚ್ಚಲ ಬಲ್ಬಿನಲ್ಲಿ ಕಾಣಲಿಲ್ಲ, ಹಿತ್ತಲ ಬೆಳಕಿಗೆ ತಂದರೆ ಕಂಡಂತಾಯಿತು. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಗಂಡನಿಗೆ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿಕೊಂಡು ನೋಡಿ, "ಐತೆ ಅನ್ನಂಗೂ ಐತೆ, ಇಲ್ಲ ಅನ್ನಂಗೂ ಐತೆ" ಅಂದರು. ಅಷ್ಟರಲ್ಲಿ ಅತ್ತೆ ಬಂದರು. ಮುಚ್ಚಿಡಲು ಆಗಲಿಲ್ಲ. ಸಾವಿರಾರು ಹುಳದ ನಡುವೆ ಕಾಯಿಲೆ ಬಿದ್ದ ಒಂದು ಹುಳವನ್ನು ದೂರದಿಂದಲೇ ಗುರುತಿಸುವ ಕಣ್ಣು ಅವರದು. ಕಡ್ಡಿಯನ್ನು ಸೆರಗಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಐತೆ" ಅಂದರು. "ಐತೆ ಕಣ್ಲಾ ಮಗ. ನಿಂಗ್ ಕಣ್ ಕಾಣಾಕಿಲ್ವಾ?"

ನನ್ನ ಗದ್ದ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡರು. ನನಗೂ ಅಳು ಬಂತು. ಆ ಗಳಿಗೆಯಲ್ಲಿ ನನಗೆ ಯಾವ ಅನುಮಾನವೂ ಉಳಿಯಲಿಲ್ಲ. ಇದೆ ಅಂತ ಒಬ್ಬರು ಗಟ್ಟಿಯಾಗಿ ಹೇಳಿದರೆ ಸಾಕಾಗಿತ್ತು ನನಗೆ, ಅದನ್ನು ಅವರೇ ಹೇಳಿದ್ದರು.

ಮಾರನೇ ಬೆಳಗ್ಗೆ ಕಿಟಕಿಯ ಮೇಲೆ ಮಾತ್ರೆಯ ಶೀಟು ಇರಲಿಲ್ಲ. ಕೇಳಿದರೆ ಅತ್ತೆ ಒಲೆಯ ಮುಂದಿನಿಂದ ತಲೆಯೆತ್ತದೆ ಹೇಳಿದರು:

"ನಾನೇ ಎತ್ ಮಡಗಿವ್ನಿ. ತಿಂಗ್ಳು ಬರ್ಸೋ ಮಾತ್ರೆ ಅಲ್ವಾ ಅದು? ಇನ್ನ ತಿಂಗ್ಳು ಬರ್ಸ್ಕಂಡು ಏನ್ ಮಾಡೀಯವ್ವ? ನಿಂತಿರದ್ನೂ ಇಳಿಸ್ಬುಡ್ತದೆ."

ಮೊದಲು ನಕ್ಕುಬಿಟ್ಟೆ. ಆಮೇಲೆ ಅವರ ಮುಖ ನೋಡಿದೆ, ತಮಾಷೆಯಲ್ಲ ಅಂತ ಗೊತ್ತಾಯಿತು. ಅತ್ತೆ ದಡ್ಡಿಯಲ್ಲ. ನಾವು ಏನು ಹೇಳಿದ್ದೆವೋ ಅದರ ಮೇಲೆ ಸರಿಯಾಗಿಯೇ ಲೆಕ್ಕ ಕಟ್ಟಿದ್ದರು. ಅದು ಕತ್ತಿನ ಗ್ರಂಥಿಗೆ ಕೊಡುವ ಮಾತ್ರೆ, ಗ್ರಂಥಿ ಸರಿಯಾದರೆ ತಿಂಗಳು ಸರಿಯಾಗುತ್ತದೆ, ಬಸುರಿಗೂ ಬೇಕು ಅಂತ ಆ ದಿನ ಒಲೆಯ ಮುಂದೆ ಕೂತು ಎಷ್ಟು ಹೇಳಿದರೂ ಅವರಿಗೆ ಅದು ಹೊಸದಾಗಿ ಹೊಸೆದ ಮಾತಿನ ಹಾಗೆ ಕೇಳಿತು. "ಆವತ್ತು ಹಂಗಂದ್ರಿ, ಇವತ್ತು ಹಿಂಗಂತೀರಿ" ಅಂದರು. ಗಂಡ ಸೊಪ್ಪಿನ ಹೊರೆ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡಿದೆ. ಅವರು ಹೊರೆ ಇಳಿಸದೆ ಹೇಳಿದರು:

"ಡಾಕ್ಟ್ರಮ್ಮುನ್ನೇ ಕೇಳ್ಕಂಡ್ ಬಂದ್ಬುಡವ ಕಣಮ್ಮಿ. ಹುಳ ಹಣ್ಣಾಗ್ಲಿ."

ಹುಳ ನಾಲ್ಕನೇ ಜ್ವರ ಕಳೆದು ಎದ್ದಿದ್ದ ವಾರ ಅದು. ಆ ವಾರದಲ್ಲಿ ನಮ್ಮ ಕಡೆ ಹತ್ತಿರದವರ ಮದುವೆಗೂ ಮನೆಗೊಬ್ಬರು ಹೋಗಿ ಊಟ ಮಾಡಿ ಓಡಿಬರುತ್ತಾರೆ. ಎಷ್ಟು ಸೊಪ್ಪು ತಂದು ಹಾಕಿದರೂ ಸಾಲುವುದಿಲ್ಲ. ಗಂಡ ತೋಟಕ್ಕೂ ಹುಳದ ಮನೆಗೂ ಓಡಾಡಿ ನಿಂತಲ್ಲೇ ತೂಕಡಿಸುತ್ತಿದ್ದರು. ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿ "ಫೋನಲ್ಲಿ ಹೇಳಲ್ಲ ಮೇಡಂ, ಬಂದು ತೋರಿಸಿ" ಅಂದು ಇಟ್ಟುಬಿಟ್ಟಳು. ಒಬ್ಬಳೇ ಬಸ್ಸು ಹತ್ತುತ್ತೇನೆ ಅಂದರೆ ಅತ್ತೆ ಬಿಡಲಿಲ್ಲ, ಈ ದಾರಿಯ ಗುಂಡಿಯಲ್ಲಿ ಕುಲುಕಾಡಿದರೆ ಏನು ಗತಿ ಅಂದರು. ಕೈಲಾಂಚದಿಂದ ಇನ್ನೊಂದು ಶೀಟು ತರಿಸಿಕೊಳ್ಳಬಹುದಿತ್ತು. ತರಿಸಲಿಲ್ಲ. ಒಳಗೊಳಗೇ ನನಗೂ ದಿಗಿಲು ಹತ್ತಿತ್ತು. ಅತ್ತೆ ಹೇಳಿದ್ದೇ ನಿಜವಾಗಿದ್ದರೆ? ಕಡ್ಡಿಯ ಗೀರು ಕಂಡ ಕಣ್ಣಿಗೆ ಇದೂ ಕಂಡಿರಬಹುದಲ್ಲ?

ಆ ದಿನಗಳಲ್ಲಿ ಅತ್ತೆ ನನ್ನನ್ನು ನೋಡಿಕೊಂಡ ಹಾಗೆ ನನ್ನ ತಾಯಿಯೂ ನೋಡಿಕೊಂಡಿಲ್ಲ. ಹೊರೆ ಎತ್ತಬೇಡ, ಬಗ್ಗಬೇಡ, ಬಿಸಿ ಮುದ್ದೆಗೆ ತುಪ್ಪ ಹಾಕಿಕೋ. ಹುಳದ ಮನೆಯಲ್ಲಿ ನನಗೊಂದು ಮಣೆ ಹಾಕಿ ಕೂರಿಸಿ, ಕೂತಲ್ಲಿಗೇ ಕೆಲಸ ತಂದುಕೊಡುತ್ತಿದ್ದರು. ನಾನು ವಾಕರಿಕೆ ಬರಲಿ ಅಂತ ಕಾಯುತ್ತಿದ್ದೆ. ಬೆಳಗ್ಗೆ ಎದ್ದವಳೇ ಬಾಯಲ್ಲಿ ಉಗುಳು ಊರುತ್ತದಾ ಅಂತ ನೋಡಿಕೊಳ್ಳುತ್ತಿದ್ದೆ. ಈಗ ಕಾಫಿಗೂ ತಡೆಯಿರಲಿಲ್ಲ, ಎದ್ದ ತಕ್ಷಣ ಅತ್ತೆ ಕೊಡುತ್ತಿದ್ದ ಲೋಟ ಹಿಡಿದು ಗಟಗಟ ಕುಡಿಯುತ್ತಿದ್ದೆ. ಸುಖವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಹುಳ ಹಣ್ಣಾದ ದಿನ ಮನೆ ತುಂಬ ಜನ. ಹಣ್ಣಾದ ಹುಳ ತಿನ್ನುವುದು ಬಿಟ್ಟು ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿ ತಲೆ ಅತ್ತಿತ್ತ ಆಡಿಸುತ್ತದೆ. ಅಂಥವನ್ನು ಆಯ್ದು, ಬಿದಿರ ತಟ್ಟಿಗೆ ಸುರುಳಿ ದಬ್ಬೆ ಕಟ್ಟಿದ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಸುರಿಸಿಬಿಡುತ್ತದೆ. ಪಕ್ಕದ ಮನೆಯ ಅಕ್ಕ, ಅವಳ ಮನೆಯವರು ಎಲ್ಲ ಮುಯ್ಯಾಳಾಗಿ, ನಮ್ಮ ಕೆಲಸಕ್ಕೆ ಅವರು ಅವರ ಕೆಲಸಕ್ಕೆ ನಾವು ಅನ್ನುವ ಲೆಕ್ಕದಲ್ಲಿ, ಬಂದಿದ್ದರು. ನಾನು ಮಣೆಯ ಮೇಲೆ ಕೂತು ಮೊರದಲ್ಲಿ ಹುಳ ಆಯುತ್ತಿದ್ದೆ. ಸೊಂಟದಲ್ಲಿ ಬೆಳಗಿನಿಂದ ಒಂದು ಎಳೆತ ಇತ್ತು. ಕೂತು ಕೂತು ಹಿಡಿದಿದೆ ಅಂದುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ಹೊಟ್ಟೆಗೆ ಬಂತು. ಆಮೇಲೆ ಬಿಸಿಯಾಗಿ ಇಳಿದದ್ದು ಗೊತ್ತಾಯಿತು. ಎರಡೂ ಕೈ ತುಂಬ ಹುಳ ಇತ್ತು. ಅವನ್ನು ಎಲ್ಲಿ ಬಿಡುವುದು ಅಂತ ತೋಚದೆ ಹಾಗೇ ಹಿಡಿದುಕೊಂಡು ಅತ್ತೆಯ ಕಡೆ ನೋಡಿದೆ.

ಅತ್ತೆ ನನ್ನ ಮುಖ ನೋಡಿದರು, ಮಣೆ ನೋಡಿದರು. "ಅಯ್ಯೋ ಸಿವ್ನೆ" ಅಂದರು. ಅದರ ಬೆನ್ನಿಗೇ ಅವರ ಬಾಯಿಂದ ಬಂದ ಮಾತು ಇದು:

"ಈಚೀಕೆ ಬಾರವ್ವ. ಹುಳ ಐತೆ, ಈಚೀಕೆ ಬಾ."

ನನ್ನ ಕೈಯಿಂದ ಹುಳ ಬಿಡಿಸಿ ಮೊರಕ್ಕೆ ಹಾಕಿದರು. ತೋಳು ಹಿಡಿದು ಹೊರಗೆ ನಡೆಸಿಕೊಂಡು ಬಂದು ಕಲ್ಲಿನ ಮೇಲೆ ಕೂರಿಸಿದರು. ಒಳಗೆ ಹೋಗಿ ಹಳೆ ಸೀರೆ ತಂದು ಹೊದಿಸಿದರು. ಆಮೇಲೆ ಚೊಂಬಿನಲ್ಲಿ ಗಂಜಲ ತಂದು ಹುಳದ ಮನೆಯ ಹೊಸಿಲಿಗೆ ಚಿಮುಕಿಸಿದರು. ಒಂದು ಕೈಯಲ್ಲಿ ಚಿಮುಕಿಸುತ್ತಿದ್ದರು, ಇನ್ನೊಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಎರಡೂ ನಿಜವಾಗಿತ್ತು. ನಾನು ಎರಡನ್ನೂ ನೋಡುತ್ತಾ ಕೂತಿದ್ದೆ.

ಗಂಡ ಆಟೋ ತರಲು ಓಡಿದರು. ಅದು ಬರುವವರೆಗೂ ನಾನು ಕಲ್ಲಿನ ಮೇಲೇ ಇದ್ದೆ. ಒಳಗೂ ಹೊರಗೂ ಚಂದ್ರಿಕೆ ಹೊತ್ತು ಓಡಾಡುತ್ತಿದ್ದವರು ನನ್ನನ್ನು ನೋಡಿದರು. ಕಲ್ಲಿನ ಮೇಲೆ ಕೂತಿದ್ದಾಳೆ. ಕಲ್ಲಿನ ಅರ್ಥ ಅವರಿಗೆ ಗೊತ್ತಿದ್ದದ್ದು ಒಂದೇ. ಪಕ್ಕದ ಮನೆಯ ಅಕ್ಕ ಇನ್ನೊಬ್ಬಳಿಗೆ, "ಒಸಿ ತಡ ಆಗಿತ್ತಂತೆ ಕಣೆ, ಈವಾಗ ಆಯ್ತಂತೆ" ಅಂದಿದ್ದು ನನ್ನ ಕಿವಿಗೆ ಬಿತ್ತು.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. ಸ್ಕ್ಯಾನ್ ಮಾಡಿದರು. "ಈಗ ಒಳಗೆ ಏನೂ ಇಲ್ಲ. ಮೊದಲು ಇತ್ತಾ ಅಂತ ಈಗ ಖಚಿತವಾಗಿ ಹೇಳೋಕಾಗಲ್ಲ. ಗೀರು ಕಂಡ ದಿನವೇ ಬಂದು ರಕ್ತ ಕೊಟ್ಟಿದ್ದರೆ ಗೊತ್ತಾಗುತ್ತಿತ್ತು" ಅಂದರು. ಮಾತ್ರೆ ನಿಲ್ಲಿಸಿದ್ದನ್ನು ಹೇಳಿದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಸುರಾದಾಗ ಈ ಮಾತ್ರೆ ಇನ್ನೂ ಜಾಸ್ತಿ ಬೇಕಾಗುತ್ತಮ್ಮ" ಅಂದರು. ಅದರಿಂದಲೇ ಹೀಗಾಯಿತಾ ಅಂತ ಗಂಡ ಕೇಳಿದರು. ಅದರಿಂದಲೇ ಅಂತ ಹೇಳಕ್ಕಾಗಲ್ಲ, ಅದರಿಂದ ಅಲ್ಲ ಅಂತಲೂ ಹೇಳಕ್ಕಾಗಲ್ಲ ಅಂದರು. ಐತೆ ಅನ್ನಂಗೂ ಐತೆ, ಇಲ್ಲ ಅನ್ನಂಗೂ ಐತೆ. ಕೊಟ್ಟಿಗೆಯಲ್ಲಿ ಕೇಳಿದ್ದ ಮಾತನ್ನೇ ಫೀಸು ಕೊಟ್ಟು ಇನ್ನೊಂದು ಸಲ ಕೇಳಿಸಿಕೊಂಡು ಬಂದೆವು.

ಮನೆಗೆ ಬಂದ ಮೇಲೆ ಅತ್ತೆ ನನ್ನ ತಲೆಗೆ ಎಣ್ಣೆ ಒತ್ತುತ್ತಾ ಹೇಳಿದರು:

"ಏನೂ ಇರ್ನಿಲ್ಲ ಕಣವ್ವ. ತಿಂಗ್ಳು ತಡ ಆಗಿತ್ತು ಅಷ್ಟೇಯ. ಮನ್ಸಿಗೆ ಅಚ್ಕೋಬ್ಯಾಡ."

ಇದೆ ಅಂತ ಮೊದಲು ಹೇಳಿದವರು ಅವರೇ. ಇರಲಿಲ್ಲ ಅಂತ ಮೊದಲು ಹೇಳಿದವರೂ ಅವರೇ. ಅವರಿಗೆ ಅದು ಇರದೇ ಇದ್ದಿರಬೇಕಾಗಿತ್ತು. ಇತ್ತು ಅಂದರೆ ಎತ್ತಿಟ್ಟ ಮಾತ್ರೆಯ ಮಾತು ಬರುತ್ತದೆ. ನನಗೆ ಅದು ಇದ್ದಿರಲೇಬೇಕಾಗಿತ್ತು. ಇರಲಿಲ್ಲ ಅಂದರೆ ನಾನು ಅಳುವುದಾದರೂ ಯಾರಿಗಾಗಿ? ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೆ. ತೆಗೆದು ನೋಡಿದರೆ ಎರಡನೇ ಗೀರು ಚೆನ್ನಾಗಿಯೇ ಕಾಣುತ್ತಿತ್ತು. ಒಣಗಿದ ಮೇಲೆ ಬಸುರಿಲ್ಲದವರ ಕಡ್ಡಿಯಲ್ಲೂ ಹಾಗೆ ಮೂಡುತ್ತದೆ, ಅದನ್ನು ನಂಬಬಾರದು ಅಂತ ಡಾಕ್ಟರಮ್ಮ ಹೇಳಿದ್ದರು. ಒಂದು ದಿನ ಅದನ್ನು ನೀರೊಲೆಗೆ ಹಾಕಿದೆ. ಅತ್ತೆಯನ್ನು ಅರ್ಥ ಮಾಡಿಕೊಂಡಿದ್ದೇನೆ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಕ್ಷಮಿಸಿದ್ದೇನಾ ಅಂದರೆ, ಇಲ್ಲ.

ಆ ಸಲದ ಗೂಡು ಭಾರಿ ಚೆನ್ನಾಗಿ ಬಂತು. ರಾಮನಗರದ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳು ಗೂಡು ಅಲ್ಲಾಡಿಸಿ ನೋಡಿ ಮೆಚ್ಚಿಕೊಂಡರಂತೆ. ಸುಣ್ಣಕಟ್ಟು ಬರಲಿಲ್ಲ. ಹುಳದ ನಟ್ಟನಡುವೆ ಕೂತು ನಾನು ಅಷ್ಟು ರಕ್ತ ಸುರಿಸಿದ್ದಕ್ಕೆ ಒಂದೇ ಒಂದು ಹುಳ ಕೆಡಲಿಲ್ಲ. ಇದನ್ನು ಜೋರಾಗಿ ಹೇಳಬೇಕು ಅನಿಸಿತ್ತು. ಅತ್ತೆ ಗಂಜಲ ಚಿಮುಕಿಸಿದ್ದರಿಂದ ಅನ್ನುತ್ತಾರೆ ಅಂತ ಗೊತ್ತಿತ್ತು.

ಅದಾಗಿ ವರ್ಷಗಳೇ ಆದವು. ಮಾತ್ರೆ ಮತ್ತೆ ಕಿಟಕಿಯ ಮೇಲೆ ಬಂತು, ಅದರ ಪವರೂ ಏರಿತು. ತಿಂಗಳು ಕೆಲವು ಕಾಲ ಸರಿಯಾಗಿರುತ್ತದೆ, ಮತ್ತೆ ತಪ್ಪುತ್ತದೆ. ಒಂದೊಂದು ಸಲ ತಪ್ಪಿದಾಗಲೂ ಮೊದಮೊದಲು ಆಸೆ ಹುಟ್ಟುತ್ತಿತ್ತು. ಕಡ್ಡಿ ತರುತ್ತಿದ್ದೆ, ಒಂದೇ ಗೀರು. ಎರಡನೆಯದನ್ನು ಕಾಣಲು ಹಿತ್ತಲಿಗೆ ಓಡುತ್ತಿದ್ದೆ, ಛಾವಣಿ ಹತ್ತುತ್ತಿದ್ದೆ, ಮೊಬೈಲಿನ ಲೈಟು ಹಾಕಿ ನೋಡುತ್ತಿದ್ದೆ. ಬೆಂಗಳೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ ಅಂದರು ಡಾಕ್ಟರಮ್ಮ. ಹೋದೆವು. ಅವರು ಕರೆದ ದಿನವೇ ಹೋಗಬೇಕು, ಹುಳ ನೋಡಿದರೆ ಅದೇ ದಿನ ಜ್ವರ ಕಳೆದು ಎದ್ದಿರುತ್ತದೆ. ಒಂದೆರಡು ಸಲ ತಪ್ಪಿತು, ಆಮೇಲೆ ಹೋಗುವುದೇ ನಿಂತಿತು. ಕಡ್ಡಿ ತರುವುದನ್ನೂ ಬಿಟ್ಟೆ. ಈಗ ತಿಂಗಳು ತಪ್ಪಿದರೆ ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಬದಲಾಯಿಸಿಕೊಂಡು ಬರುತ್ತೇನೆ. ಡಾಕ್ಟರಮ್ಮನ ತಲೆ ನರೆತಿದೆ. ನನ್ನ ತಲೆಯಲ್ಲಿ ನರೆಯಲು ಕೂದಲು ಉಳಿದಿರುವುದೇ ಅಲ್ಪಸ್ವಲ್ಪ.

ಅಷ್ಟೂ ವರ್ಷ ಅತ್ತೆ ಕಲ್ಲು ನೋಡುವುದನ್ನು ಬಿಟ್ಟಿರಲಿಲ್ಲ. ಸಿಟ್ಟು ಬರುತ್ತಿತ್ತು. ಒಂದಲ್ಲ ಒಂದು ದಿನ ಈ ಕಲ್ಲನ್ನು ಕೀಳಿಸಿ ಬಚ್ಚಲಿಗೆ ಹಾಕಿಸುತ್ತೇನೆ ಅಂತ ಗಂಡನ ಹತ್ತಿರ ಕೂಗಾಡಿದ್ದೇನೆ. ಮೊಬೈಲಿನಲ್ಲಿ ಓದಿದ್ದು, ಟ್ರೈನಿಂಗಿಗೆ ಬಂದ ರೇಷ್ಮೆ ಇಲಾಖೆಯ ಮೇಡಂ ಹೇಳಿದ್ದು ಎಲ್ಲ ಸೇರಿಸಿ, ಸುಣ್ಣಕಟ್ಟಿಗೂ ಹೆಂಗಸಿಗೂ ಸಂಬಂಧವಿಲ್ಲ ಅಂತ ವಾದ ಮಾಡಲು ಸಿದ್ಧವಾಗಿ ಇಟ್ಟುಕೊಂಡಿದ್ದೆ. ಆ ವಾದ ಬೇಕಾಗಲೇ ಇಲ್ಲ.

ಈ ವರ್ಷ ಯುಗಾದಿ ಕಳೆದ ಮೇಲಿನ ಬೆಳೆ. ಹುಳ ನಾಲ್ಕನೇ ಜ್ವರ ಕಳೆದು ಎದ್ದಿತ್ತು. ಅತ್ತೆಗೆ ಮಂಡಿ ನೋವು, ಕೂತರೆ ಏಳಲಾಗದು. ಗಂಡ ತೋಟದಲ್ಲಿದ್ದರು. ಮೂರ್ನಾಲ್ಕು ತಿಂಗಳಿಂದ ಬರದೆ ಇದ್ದದ್ದು ಅವತ್ತು ಬೆಳಗ್ಗೆ ಬಂತು. ಎಂದಿನಂತೆ ಹೋಗಿ ಕಲ್ಲಿನ ಮೇಲೆ ಕೂತೆ, ಸೊಪ್ಪು ಎಳೆದುಕೊಂಡೆ. ಅತ್ತೆ ಗೋಡೆ ಹಿಡಿದುಕೊಂಡು ಹುಳದ ಮನೆಯಿಂದ ಹೊರಗೆ ಬಂದರು. ನನ್ನನ್ನು ನೋಡಿದರು. ಇಷ್ಟು ದಿನ ನಿಂತಿತ್ತಲ್ಲ, ಈಗೇನಾಯಿತು ಅಂತ ಕೇಳಲಿಲ್ಲ. ಅವರ ಮುಖದಲ್ಲಿ ಬೇಸರ ಹುಡುಕಿದೆ. ಅದೂ ಇರಲಿಲ್ಲ.

"ಎದ್ದು ಒಳೀಕೆ ಬಾರವ್ವ, ಹುಳ ಹಸ್ಕಂಡವೆ" ಅಂದರು.

"ಹೊರಗಾಗಿದ್ದೀನಿ ಅತ್ತೆ."

"ಆಗ್ಲಿ ಬುಡು. ಇನ್ನೇನು."

ಪ್ರೀತಿಯಿಂದಲೇ ಹೇಳಿದರು, ಸುಣ್ಣಕಟ್ಟಿನ ಮಾತೇ ಎತ್ತಲಿಲ್ಲ. ಹೇಳಿ ಒಳಗೆ ಹೋದರು. ಬಾಗಿಲು ತೆರೆದೇ ಇತ್ತು.

ನಾನು ಗೆದ್ದಿದ್ದೆ. ಮದುವೆಯಾಗಿ ಬಂದ ದಿನದಿಂದ ಬಯಸಿದ್ದು ಇದನ್ನೇ ಅಲ್ಲವೇ: ನನ್ನ ತಿಂಗಳ ಲೆಕ್ಕ ಯಾರೂ ಇಡಬಾರದು, ನಾನು ಯಾವ ದಿನ ಎಲ್ಲಿ ಕೂತರೂ ಯಾರೂ ತಿರುಗಿ ನೋಡಬಾರದು. ಈಗ ಯಾರೂ ನೋಡುವುದಿಲ್ಲ. ನಿಂತರೂ ಸರಿ, ಬಂದರೂ ಸರಿ, ನನ್ನಿಂದ ಈ ಮನೆಗೆ ಬರಬೇಕಾದದ್ದು ಬರುವುದಿಲ್ಲ ಅಂತ ತೀರ್ಮಾನವಾದ ಮೇಲೆ ಕಲ್ಲಿಗೆ ಏನು ಕೆಲಸ. ಆಟೋಗೆ ಕಾಯುತ್ತಾ ಇದೇ ಕಲ್ಲಿನ ಮೇಲೆ ಕೂತಿದ್ದ ದಿನವೂ ನನಗೆ ಇಷ್ಟು ಅಳು ಬಂದಿರಲಿಲ್ಲ.

ತಕ್ಷಣ ಏಳಲಿಲ್ಲ. ಯಾರಾದರೂ ನೋಡಲಿ ಅಂತ ಕೂತೇ ಇದ್ದೆ. ಪಕ್ಕದ ಮನೆಯ ಅಕ್ಕ ಡೇರಿಯಿಂದ ಖಾಲಿ ಕ್ಯಾನು ಹಿಡಿದು ಬಂದಳು. ನನ್ನನ್ನು ನೋಡಿ, "ಏನವ್ವ, ಸೊಪ್ಪು ಬುಡುಸ್ತಿದ್ದೀಯಾ?" ಅಂದಳು.

"ಹೂಂ ಅಕ್ಕ" ಅಂದೆ.

"ಬಿಸ್ಲು ಏರ್ತಾ ಐತೆ, ಒಣಿಕ್ಕತ್ತದೆ, ಬ್ಯಾಗ್ನೆ ಹಾಕು" ಅಂದು ನಿಲ್ಲದೆ ಹೋದಳು.

ಅವಳು ತಿರುವು ದಾಟುವವರೆಗೆ ನೋಡಿದೆ. ಆಮೇಲೆ ಸೊಪ್ಪನ್ನು ಮಂಕರಿಗೆ ತುಂಬಿಕೊಂಡು ಎದ್ದು, ಹುಳದ ಮನೆಯೊಳಗೆ ಹೋಗಿ, ಹುಳಕ್ಕೆ ಹಾಕಿದೆ.